ಹೆಸರು ಒಳಗೆ ಹೋದ ಇಟ್ಟಿಗೆಗಳು

ಆ ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ದೊಡ್ಡವಳು ಕೆಳಗೆ, ಚಿಕ್ಕವಳು ಮಹಡಿಯಲ್ಲಿ. ಇಬ್ಬರ ಗಂಡಂದಿರಿಗೂ ಒಂದೇ ಪ್ರೆಸ್ಸಿನಲ್ಲಿ ಕೆಲಸ. ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದರು. ಅಣ್ಣತಮ್ಮ ಅಂದರೆ ಹೀಗಿರಬೇಕು ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಹೆಂಡತಿಯರದು ಮಾತ್ರ ಎಣ್ಣೆ ಸೀಗೇಕಾಯಿ. ಹದಿನೆಂಟು ವರ್ಷ ಒಂದೇ ಗೇಟಿನಲ್ಲಿ ಓಡಾಡಿದ್ದರೂ ಒಬ್ಬಳ ಬಗ್ಗೆ ಇನ್ನೊಬ್ಬಳು ಬಾಯಿತಪ್ಪಿಯೂ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ಹಾಗಂತ ಕೂಗಾಡುವ ಜಗಳವೂ ಅಲ್ಲ. ಕೂಗಾಡುವವರು ಒಂದು ದಿನ ಸುಸ್ತಾಗಿಯಾದರೂ ಸುಮ್ಮನಾಗುತ್ತಾರೆ. ಇವರದು ಒಣಹಾಕಿದ ಇನ್ನೊಬ್ಬಳ ಬಟ್ಟೆಯನ್ನು ಬಿಸಿಲಿನಿಂದ ನೆರಳಿಗೆ ಎರಡು ಗೇಣು ಸರಿಸಿಡುವ ಜಗಳ, ಅದಕ್ಕೆ ಸುಸ್ತೆಂಬುದೇ ಇಲ್ಲ.

ಚಿಕ್ಕವಳ ಕೆಲಸ ಲಾರಿ ತೂಗುವ ವೇಬ್ರಿಡ್ಜಿನಲ್ಲಿ. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತಿರಬೇಕು. ಹೊರಗೆ ಲಾರಿ ಬಂದು ಕಬ್ಬಿಣದ ಹಲಗೆ ಹತ್ತಿದಾಗ ಅಂಕಿ ಬೀಳುತ್ತದೆ, ಚೀಟಿ ಹರಿದು ಡ್ರೈವರನ ಕೈಗೆ ಕೊಡಬೇಕು. ಬರುವ ಲಾರಿಗಳಲ್ಲಿ ಅರ್ಧಕ್ಕರ್ಧ ಕೆಡವಿದ ಹಳೇ ಕಟ್ಟಡಗಳ ಮಣ್ಣು, ಕಲ್ಲು, ಕಸ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಲಾರಿಯಿಂದ ಒಂದು ಇಟ್ಟಿಗೆ ಹಲಗೆಯ ಮೇಲೆ ಬಿತ್ತು. ಮುಂದಿನ ಲಾರಿಯ ತೂಕ ತಪ್ಪಾಗುತ್ತದಲ್ಲ ಎಂದು ಬೈದುಕೊಂಡೇ ಎತ್ತಿಡಲು ಹೋದಳು. ಇಟ್ಟಿಗೆಯ ಬೆನ್ನ ಮೇಲೆ ಬೆರಳಷ್ಟು ಆಳದ ಗುಳಿ, ಗುಳಿಯೊಳಗೆ ಮೂರು ಅಕ್ಷರ, ಅಕ್ಷರದ ಕೆಳಗೆ ಒಂದು ಮೀನು. ಮನೆ ಕಟ್ಟಿಸಿದವನ ಹೆಸರು ಬಾಗಿಲ ಮೇಲಿಂದ ಹೋಗಿ ಎಷ್ಟು ಕಾಲವಾಯಿತೋ; ಇಟ್ಟಿಗೆ ಸುಟ್ಟವನು ಮಾತ್ರ ತನ್ನ ಗುರುತನ್ನು ಗೋಡೆಯೊಳಗೆ ಬಚ್ಚಿಟ್ಟು ಹೋಗಿದ್ದ. ಅವಳಿಗೆ ಅದೇಕೋ ಬಹಳ ಹಿಡಿಸಿಬಿಟ್ಟಿತು. ಸೀಟಿನ ಕೆಳಗಿಟ್ಟುಕೊಂಡಳು, ಸಂಜೆ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು.

ಅಲ್ಲಿಂದ ಹುಚ್ಚು ಹತ್ತಿತು ಎನ್ನಿ. ಡ್ರೈವರುಗಳು ಮೊದಲು ನಕ್ಕರು, ಆಮೇಲೆ ಅವರೇ ಹುಡುಕಿ ತಂದುಕೊಡತೊಡಗಿದರು. 'ಇಟ್ಟಿಗೆಯಮ್ಮ' ಎಂದು ಹೆಸರಿಟ್ಟರು. ಹಿತ್ತಿಲ ಶೆಡ್ಡಿನ ಅರ್ಧ ಭಾಗ ಅವಳ ಪಾಲಿನದು. ಅಲ್ಲಿ ಹಲಗೆ ಹೊಡೆಸಿ, ಒಂದೊಂದನ್ನೂ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಗುಳಿ ಎದುರಿಗೆ ಕಾಣುವಂತೆ ನಿಲ್ಲಿಸಿದಳು. ಒಟ್ಟು ನೂರನಲವತ್ತಮೂರು, ಒಂದರಂತೆ ಇನ್ನೊಂದಿಲ್ಲ. ಒಂದರ ಮೇಲೆ ಹಸಿಯಿದ್ದಾಗ ಆಡೊಂದು ಕಾಲಿಟ್ಟು ಹೋದ ಗೊರಸಿನ ಗುರುತೂ ಇತ್ತು. ಜಗತ್ತಿನಲ್ಲಿ ಇಂಥ ಹುಚ್ಚು ಅವಳೊಬ್ಬಳಿಗೇ ಅಲ್ಲ: ಬೇರೆ ಊರಿನ ರಿಟೈರ್ಡ್ ರೈಲ್ವೆ ಗಾರ್ಡ್ ಒಬ್ಬರ ಹತ್ತಿರ ನಾನೂರು ಇಟ್ಟಿಗೆಗಳಿದ್ದವು. ಫೋನಿನಲ್ಲಿ ಪರಿಚಯ. ಮೀನಿನ ಇಟ್ಟಿಗೆಯ ಫೋಟೋ ನೋಡಿ ಅವರು, "ಇಂಥದು ನನ್ನ ಹತ್ರಾನೂ ಇಲ್ಲ. ಮುಂದಿನ ತಿಂಗಳು ನೋಡಕ್ಕೆ ಬರ್ತೀನಿ ತಾಯಿ" ಎಂದಿದ್ದರು. ಅವಳ ಇಟ್ಟಿಗೆ ನೋಡಲೆಂದೇ ಒಬ್ಬರು ಬರುವುದು ಅದೇ ಮೊದಲು. ಆ ಮಾತು ಕೇಳಿ ಅವಳು ಎರಡು ದಿನ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ದೊಡ್ಡವಳಿಗೆ ಇದೆಲ್ಲ ಕಣ್ಣಿಗೆ ಬಿದ್ದ ಕಸ. "ಮನೆ ಕಟ್ಟಕ್ಕಾಗದೆ ಇರೋರು ಇಟ್ಟಿಗೆ ಕೂಡಿಡ್ತಾರೆ" ಎಂದು ಅಕ್ಕಪಕ್ಕದವರ ಹತ್ತಿರ ಆಡುತ್ತಿದ್ದಳು. ಹೇಳುವ ಬಾಯಿ ಎಂಥದೆಂದರೆ, ಅವಳ ಸ್ವಂತ ಹವ್ಯಾಸ ಕಳ್ಳಿಗಿಡ ಬೆಳೆಸುವುದು! ದುಂಡಗಿನವು, ಚಪ್ಪಟೆಯವು, ಮುದುಕರ ಗಡ್ಡದಂತೆ ಬಿಳಿಗೂದಲಿನವು, ಅರವತ್ತು ಕುಂಡ ಮುಳ್ಳು. ಮುಟ್ಟಿದರೆ ಚುಚ್ಚುವುದನ್ನೇ ಮುದ್ದು ಮಾಡುವವಳು ಇಟ್ಟಿಗೆ ಇಟ್ಟುಕೊಂಡವಳನ್ನು ನೋಡಿ ನಗುತ್ತಿದ್ದಳು. ಚಿಕ್ಕವಳೇನು ಕಡಿಮೆಯೇ? ಮಹಡಿ ಮೆಟ್ಟಿಲಿಳಿಯುವಾಗ ಬೇಕೆಂದೇ ಕುಂಡಗಳ ಪಕ್ಕ ಬಕೆಟ್ಟಿನ ನೀರು ತುಳುಕಿಸುತ್ತಿದ್ದಳು, ಕಳ್ಳಿಗೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆಂದು ಗೊತ್ತಿದ್ದೂ.

ಹೀಗಿರುವಾಗ ಚಿಕ್ಕವಳು ಆಫೀಸಿನ ಟ್ರೇನಿಂಗಿಗೆಂದು ಮೂರು ದಿನ ಬೇರೆ ಊರಿಗೆ ಹೋದಳು. ಭಾನುವಾರ ಸಂಜೆ ತಿರುಗಿ ಬಂದು ಗೇಟು ತೆಗೆದರೆ, ಹಿತ್ತಿಲಲ್ಲಿ ಕುಂಡ ಜೋಡಿಸಲು ಹೊಸ ಕಟ್ಟೆ. ಮೂರು ಮೆಟ್ಟಿಲು, ಎದೆಯೆತ್ತರ. ಶೆಡ್ಡಿನ ಹಲಗೆಗಳು ಖಾಲಿ.

ಅವಳು ಕೈಚೀಲವನ್ನು ಅಲ್ಲೇ ಬಿಟ್ಟು ಕಟ್ಟೆಯ ಹತ್ತಿರ ಹೋದಳು. ಅದೇ ಹೊತ್ತಿಗೆ ಮೇಸ್ತ್ರಿ ಗೇಟಿನೊಳಗೆ ಬಂದ. ಕಟ್ಟೆ ಕಟ್ಟಿದವನು ಅವನೇ. ಮರೆತುಹೋಗಿದ್ದ, ಗೋಡೆಯ ಮಟ್ಟ ನೋಡುವ ರಸಮಟ್ಟ ತೆಗೆದುಕೊಂಡು ಹೋಗಲು ಬಂದಿದ್ದ. ಅವಳ ಮುಖ ನೋಡಿಯೇ ಅವನಿಗೆ ಇಟ್ಟಿಗೆ ಯಾರದೆಂದು ತಿಳಿಯಿತು.

"ಅಮ್ಮ, ನಾನು ಬೇಡ ಅಂದೆ. ಯಾರೋ ಚೆಂದಾಗಿ ಜೋಡಿಸಿಟ್ಟಿದಾರೆ, ಹೆಸರಿರೋ ಇಟ್ಟಿಗೆ ಅಂದೆ. ಕಟ್ಟಲೇಬೇಕು ಅಂದ್ರೆ ನಿಲ್ಲಿಸಿ ಕಟ್ತೀನಿ, ಹೆಸರು ಹೊರಗಡೆ ಕಾಣುತ್ತೆ ಅಂತಾನೂ ಹೇಳ್ದೆ. ದೊಡ್ಡಮ್ಮ ಕೇಳ್ಬೇಕಲ್ಲ? 'ಹೆಸರೆಲ್ಲ ಒಳಗೇ ಹೋಗ್ಲಿ' ಅಂದ್ರು."

"ಹಾಗೇ ಅಂದ್ರಾ?"

"ಹಾಗೇ ಅಂದ್ರು. ಈಗ್ಲೂ ಏನೂ ಕೆಟ್ಟಿಲ್ಲ ಬಿಡಿ. ನಿನ್ನೆ ಸಂಜೆ ತಾನೆ ಕಟ್ಟಿದ್ದು, ಗಾರೆ ಇನ್ನೂ ಹಸಿ. ಇವತ್ತೇ ಬಿಚ್ಚಿಸಿದ್ರೆ ಒಂದೊಂದಾಗಿ ತೊಳೆದು ತೆಗೀಬಹುದು. ಬಿಚ್ಚೋದಿಲ್ಲ ಅಂದ್ರೆ ದಿನಕ್ಕೆ ಎರಡು ಸಲ ನೀರು ಹೊಡೀಬೇಕು, ಏಳು ದಿನ. ಸಿಮೆಂಟು ಬೇರೆ ಕಮ್ಮಿ ಹಾಕ್ಸಿದಾರೆ. ಈ ಬಿಸಿಲಿಗೆ ನೀರು ಕಾಣಿಸದೆ ಇದ್ರೆ ಹುಡಿಹುಡಿಯಾಗಿ ಉದುರುತ್ತೆ. ದೊಡ್ಡಮ್ಮ ಒಳಗಿರಬೇಕು, ಸ್ವಲ್ಪ ಹೇಳ್ಬಿಡಿ."

"ಹೇಳ್ತೀನಿ" ಎಂದಳು ಚಿಕ್ಕವಳು. ಮೇಸ್ತ್ರಿ ಹೊರಟುಹೋದ.

ಇಲ್ಲಿ ಅವಳು ಮಾಡಬೇಕಾಗಿದ್ದದ್ದು ಒಂದೇ. ಕೆಳಗಿನ ಮನೆಯ ಬಾಗಿಲು ಬಡಿದು, ಇಷ್ಟು ವರ್ಷ ಆಡದ ಮಾತನ್ನೆಲ್ಲ ಆಡಿ, ಬೀದಿಗೆ ಕೇಳುವಂತೆ ಅತ್ತೂ ಕರೆದೂ ಇಟ್ಟಿಗೆ ಬಿಚ್ಚಿಸಬೇಕಿತ್ತು. ಗಂಡಂದಿರು ನಡುವೆ ಬಂದು ಇಬ್ಬರನ್ನೂ ಬೈಯುತ್ತಿದ್ದರು, ಅಷ್ಟೇ. ಇಟ್ಟಿಗೆ ಕೈಗೆ ಸಿಗುತ್ತಿದ್ದವು. ಆದರೆ ಅಷ್ಟರಲ್ಲಿ ದೊಡ್ಡವಳು ಟವೆಲು ಸುತ್ತಿದ ತಲೆಯಲ್ಲಿ ಹೊರಗೆ ಬಂದಳು. ಇವಳನ್ನು ನೋಡಿ ಗಾಬರಿಯಾದಳೇ? ಇಲ್ಲ.

"ಬಂದ್ಯಾ? ಶೆಡ್ಡಲ್ಲಿ ಸುಮ್ನೆ ಬಿದ್ದಿದ್ವಲ್ಲ, ಉಪಯೋಗಕ್ಕೆ ಬಂದ್ವು ನೋಡು" ಎಂದು ಬಾಯ್ತುಂಬ ನಕ್ಕಳು.

ಆ ನಗು ಚಿಕ್ಕವಳ ಎದೆಗೆ ಕೆಂಡ ಸುರಿಯಿತು. ಅತ್ತು ಕೇಳಿ ಈ ಹೆಂಗಸಿನಿಂದ ಇಟ್ಟಿಗೆ ಬಿಡಿಸಿಕೊಳ್ಳುವುದೇ? ಅವಳ ಕಣ್ಣೆದುರಿಗೆ ಬೇರೆಯೇ ಚಿತ್ರ ಬಂತು: ಗಾರೆ ಉದುರುತ್ತದೆ, ಕಟ್ಟೆ ಕೂರುತ್ತದೆ, ಕುಂಡಗಳೆಲ್ಲ ಚೂರು, ಇಟ್ಟಿಗೆಗಳು ತಾವಾಗಿಯೇ ಕೈಗೆ ಬರುತ್ತವೆ. ಎರಡೂ ಸಿಗುವಾಗ ಒಂದಕ್ಕೆ ಯಾಕೆ ಒಪ್ಪಬೇಕು?

"ಚೆನ್ನಾಗಿದೆ ಅಕ್ಕ" ಎಂದು ಮಹಡಿ ಹತ್ತಿದಳು.

ಅವಳು ಏನೂ ಮಾಡಬೇಕಾಗಲಿಲ್ಲ ಎಂಬುದೇ ತಮಾಷೆ. ಮಾರನೆಯ ದಿನವೇ ದೊಡ್ಡವಳು ಕಟ್ಟೆಯ ಕೆಳಗಿನ ಎರಡು ಮೆಟ್ಟಿಲುಗಳ ಮೇಲೆ ಕುಂಡ ಜೋಡಿಸಿ ಬೀಗಿದಳು. ಬೇರೆ ಯಾರ ಮನೆಯಲ್ಲೇ ಆಗಲಿ, ಹೊಸ ಕಟ್ಟೆಗೆ ನೀರು ಹಾಕಬೇಕೆಂದು ಯಾರಿಗಾದರೂ ಹೊಳೆಯುತ್ತಿತ್ತು. ಇಪ್ಪತ್ತು ವರ್ಷ ಕಳ್ಳಿ ಬೆಳೆಸಿದವಳಿಗೆ ನೀರೆಂದರೆ ವಿಷ. "ಕಟ್ಟೆ ಹತ್ರ ಒಂದು ತೊಟ್ಟು ನೀರೂ ಯಾರೂ ಚೆಲ್ಲಬಾರದು, ಈಗ್ಲೇ ಹೇಳ್ತಿದೀನಿ!" ಎಂದು ಮಹಡಿಗೆ ಕೇಳುವಂತೆ ಸಾರಿದಳು. ಚಿಕ್ಕವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಹಡಿ ಮೆಟ್ಟಿಲಲ್ಲಿ ಬಕೆಟ್ಟನ್ನು ಒಂದು ಹನಿ ತುಳುಕದಂತೆ ಹಿಡಿದು ಇಳಿಯತೊಡಗಿದಳು. ಹದಿನೆಂಟು ವರ್ಷದಲ್ಲಿ ಅವಳು ವಾರಗಿತ್ತಿಯ ಮಾತು ಕೇಳಿದ್ದು ಅದೊಂದೇ ಸಲ.

ನಾಲ್ಕನೆಯ ದಿನ ಬೆಳಿಗ್ಗೆ ಅವಳ ಗಂಡ ಹಲ್ಲುಜ್ಜುತ್ತಾ ಕಟ್ಟೆಯನ್ನು ನೋಡಿ, "ಇದಕ್ಕೆ ಯಾರೂ ನೀರೇ ಹಾಕ್ತಿಲ್ವಲ್ಲ" ಎಂದು ಪೈಪು ಎಳೆದ. ಅದು ಹೆಂಡತಿಯ ಇಟ್ಟಿಗೆಯೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ಚಿಕ್ಕವಳು ಓಡಿಹೋಗಿ ನಲ್ಲಿ ನಿಲ್ಲಿಸಿದಳು.

"ಸುಮ್ನಿರಿ. ಅಕ್ಕ ಬೈತಾರೆ."

"ನೀನು ಯಾವಾಗಿಂದ ಅತ್ತಿಗೆಗೆ ಹೆದರೋಕೆ ಶುರು ಮಾಡ್ದೆ?" ಎಂದು ಅವನು ನಗುತ್ತಾ ಬಸ್ಸಿಗೆ ಹೋದ.

ಅವಳು ದಿನಾ ಆಫೀಸಿನಿಂದ ಬಂದವಳೇ ಕಟ್ಟೆಯ ಸಂದಿಗೆ ಉಗುರು ಹಾಕಿ ನೋಡುತ್ತಿದ್ದಳು. ಗಾರೆ ಉಗುರಿಗೆ ಮರಳಿನಂತೆ ಉದುರುತ್ತಿತ್ತು. ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಇಷ್ಟು ಹಗೆ ಸಾಧಿಸಿಕೊಂಡು ಇಷ್ಟು ನೆಮ್ಮದಿಯಾಗಿರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಮೇಲಿನಿಂದ ಭಾರದ ಕುಂಡ ಬಿದ್ದರೆ ಕೆಳಗೆ ನಿಂತವಳ ಗತಿಯೇನು ಎಂಬ ಯೋಚನೆ ಒಂದೆರಡು ಸಲ ಬಂದದ್ದು ನಿಜ. ಬಂದಷ್ಟೇ ಬೇಗ ಅದನ್ನು ಓಡಿಸಿದ್ದೂ ನಿಜ.

ಒಂಬತ್ತನೆಯ ದಿನ ಅವಳಿಗೆ ವಾರದ ರಜೆ. ಗಂಡಸರಿಬ್ಬರೂ ಪ್ರೆಸ್ಸಿಗೆ ಹೋಗಿದ್ದರು. ಹನ್ನೊಂದು ಗಂಟೆಗೆ ದೊಡ್ಡವಳು ಎಲ್ಲಕ್ಕಿಂತ ದೊಡ್ಡದಾದ, ತನ್ನ ಪ್ರಾಣವೇ ಆದ ದುಂಡು ಕಳ್ಳಿಯನ್ನು ಸಿಮೆಂಟಿನ ಕುಂಡದ ಸಮೇತ ತಬ್ಬಿ ಎತ್ತಿ, ಉಸ್ಸಪ್ಪಾ ಎಂದು ಕಟ್ಟೆಯ ಮೇಲಿನ ಮೆಟ್ಟಿಲ ಮೇಲಿಟ್ಟಳು. ಚಿಕ್ಕವಳು ಮಹಡಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಕೂಗಿ ಹೇಳುವಷ್ಟು ಹೊತ್ತಿತ್ತು. ಕೂಗಲಿಲ್ಲ.

ಕಟ್ಟೆ ಮೊದಲು ಒಂದು ಮಗ್ಗುಲಿಗೆ ವಾಲಿತು, ಆಮೇಲೆ ಒಟ್ಟಿಗೇ ಕೂತಿತು. ಧೂಳು ಎದ್ದು ಕಿಟಕಿಯವರೆಗೂ ಬಂತು. ಚಿಕ್ಕವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದು, ನೆಲದ ಮೇಲೆ ಕೂತಿದ್ದ ವಾರಗಿತ್ತಿಯನ್ನು ದಾಟಿಕೊಂಡು ಇಟ್ಟಿಗೆಗಳ ರಾಶಿಗೆ ಕೈಹಾಕಿದಳು. ಗೊರಸಿನದು ಎರಡು ತುಂಡಾಗಿತ್ತು. ಮೀನಿನದು ಇಡಿಯಾಗಿಯೇ ಸಿಕ್ಕಿತು. ಅದರ ಅಂಚೊಂದು ಮೊದಲೇ ಮುಕ್ಕಾಗಿದ್ದರಿಂದ ಅವಳಿಗೆ ಮುಟ್ಟಿದರೇ ಗೊತ್ತಾಗುತ್ತಿತ್ತು. ತಿರುಗಿಸಿ ನೋಡಿದಳು. ಅಂಚಿನ ಗಾರೆಯೆಲ್ಲ ಉದುರಿತ್ತು. ಗಾಳಿ ಬಿಸಿಲು ತಾಗದ ಗುಳಿಯೊಳಗೆ ಮಾತ್ರ ತೇವ ಉಳಿದು ಅದು ಗಟ್ಟಿಯಾಗಿ ಕೂತು ಕಲ್ಲಾಗಿತ್ತು. ಕಸದಲ್ಲಿ ಸಿಕ್ಕ ಮೊಳೆಯಿಂದ ಕೆರೆದಳು. ಮೊಳೆ ಬಾಗಿತು. ಇನ್ನೊಂದನ್ನು ಎತ್ತಿದಳು, ಮತ್ತೊಂದನ್ನು ಎತ್ತಿದಳು. ಎಲ್ಲದರ ಬಾಯಿಗೂ ಅದೇ ಬೂದುಗಾರೆ ತುಂಬಿತ್ತು. ಆ ಭಾನುವಾರ ಸಂಜೆ ಬಾಗಿಲು ಬಡಿದಿದ್ದರೆ ಒಂದು ಬಕೆಟ್ ನೀರಿನಲ್ಲಿ ತೊಳೆದುಹೋಗುತ್ತಿತ್ತು ಅದು. ಈ ನಷ್ಟಕ್ಕೆ ಬೈಯಲು ಅವಳಿಗೆ ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.

ಆಮೇಲೆಯೇ ಅವಳು ಹಿಂದಕ್ಕೆ ತಿರುಗಿ ನೋಡಿದ್ದು. ದೊಡ್ಡವಳು ಎರಡೂ ಕೈಗಳನ್ನು ಮುಂದೆ ಚಾಚಿ ಕೂತಿದ್ದಳು, ಅಳುತ್ತಿರಲಿಲ್ಲ. ಕುಂಡವೇನೋ ಅವಳ ಮೈಮೇಲೆ ಬಿದ್ದಿರಲಿಲ್ಲ. ಬೀಳುತ್ತಿದ್ದ ಗಿಡವನ್ನು ಬರಿಗೈಯಲ್ಲಿ ಹಿಡಿಯಲು ಹೋಗಿದ್ದಳು. ಅಂಗೈಯಿಂದ ಮೊಣಕೈವರೆಗೆ ಮುಳ್ಳೇ ಮುಳ್ಳು. ಬೆರಳು ಮಡಿಸುವಂತಿಲ್ಲ, ನೆಲಕ್ಕೆ ಊರಿ ಏಳುವಂತಿಲ್ಲ.

ಚಿಕ್ಕವಳು ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕೆಳಗಿನ ಮನೆಯ ಕುರ್ಚಿಯಲ್ಲಿ ಕೂರಿಸಿದಳು. ಆ ಮನೆಯೊಳಗೆ ಕಾಲಿಟ್ಟು ಆರು ವರ್ಷವಾಗಿತ್ತು. ಕಳ್ಳಿಗೆಂದೇ ಇಟ್ಟಿದ್ದ ಚಿಮುಟ ಕಿಟಕಿಯಲ್ಲಿತ್ತು. ಅದನ್ನು ತೆಗೆದುಕೊಂಡು ಎದುರಿಗೆ ಕೂತು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೀಳತೊಡಗಿದಳು. ಮೊದಲ ಮುಳ್ಳಿಗೇ ದೊಡ್ಡವಳು "ಮೆಲ್ಲಗೆ ಕೀಳೇ, ಕಟುಕಿ!" ಎಂದು ಹಲ್ಲು ಕಚ್ಚಿದಳು. ಚಿಕ್ಕವಳು ಮುಂದಿನ ಮುಳ್ಳಿಗೆ ಚಿಮುಟ ಹಾಕಿದಳು. ಒಂದು ಅಂಗೈ ಮುಗಿಯಿತು.

"ಹೊಸ ಕಟ್ಟೆ ಹೀಗೆ ಬೀಳಲ್ಲ" ಎಂದಳು ದೊಡ್ಡವಳು. "ನೀರು ಹಾಕ್ಬೇಕಿತ್ತು ಅಲ್ವಾ? ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಮೇಸ್ತ್ರಿ ಹೇಳಲೇ ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಬಾತು ಬಿಸಿಯಾಗಿದ್ದ ಆ ಕೈಯನ್ನು ಹಿಡಿದುಕೊಂಡು ಸುಳ್ಳು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ.

"ಗೊತ್ತಿತ್ತು. ನಿಮಗೆ ಹೇಳಿ ಅಂತ ಮೇಸ್ತ್ರಿ ಹೇಳಿದ್ದ. ನಾನು ಹೇಳ್ಲಿಲ್ಲ."

ದೊಡ್ಡವಳು ಮುಷ್ಟಿ ಬಿಗಿಯಲು ಹೋಗಿ, ನೋವಿಗೆ ಹಾ ಎಂದು ಬಿಟ್ಟಳು.

"ನಿನ್ನ ಮುಖ ನೋಡಕ್ಕೂ ಅಸಹ್ಯ ನನಗೆ."

"ನನಗೂ ಅಷ್ಟೇ ಅಕ್ಕ. ಆ ಕೈ ಕೊಡಿ."

ದೊಡ್ಡವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ತಿರುಗಿ ನೋಡದೆಯೇ ಇನ್ನೊಂದು ಕೈಯನ್ನು ಚಾಚಿ ವಾರಗಿತ್ತಿಯ ತೊಡೆಯ ಮೇಲಿಟ್ಟಳು.