ಬಡಿಸುವವರ ಒತ್ತಾಯ

ಸಾಗರದ ಒಂದು ಲ್ಯಾಬಿನಲ್ಲಿ ನಾನು ಊರಿನವರ ರಕ್ತ ತೆಗೆಯುವವಳು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಬಂದು ಕೂತಿರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. "ಏನೂ ತಿಂದಿಲ್ಲ ತಾನೆ?" ಎಂದು ಕೇಳಿದರೆ, "ಇಲ್ಲ ಮೇಡಂ, ಖಾಲಿ ಹೊಟ್ಟೆ. ಒಂಚೂರು ಟೀ ಕುಡ್ದಿದ್ದು ಅಷ್ಟೆ" ಎನ್ನುತ್ತಾರೆ. ಟೀ ಜೊತೆಗೆ ಬನ್ನು ಇಳಿದಿರುವುದು ಅಂಗಿಯ ಮೇಲೆ ಉದುರಿದ ಚೂರಿನಲ್ಲೇ ಗೊತ್ತಾಗುತ್ತದೆ. ಬೈದು ವಾಪಸು ಕಳಿಸುತ್ತೇನೆ. ಬೈಯುವುದರಲ್ಲಿ ಊರಿನಲ್ಲಿ ನನಗೆ ಒಳ್ಳೆಯ ಹೆಸರಿದೆ.

ಕೆಲವು ವರ್ಷಗಳ ಹಿಂದೆ ಲ್ಯಾಬಿಗೆ ಹೊಸ ಯಂತ್ರವೊಂದು ಬಂತು. ಸರಿಯಿದೆಯೋ ಇಲ್ಲವೋ ನೋಡೋಣವೆಂದು ನನ್ನ ರಕ್ತವನ್ನೇ ಹಾಕಿದೆ. ಬಂದ ಅಂಕಿ ನೋಡಿ ಯಂತ್ರ ಕೆಟ್ಟಿದೆ ಅಂದುಕೊಂಡೆ. ಹಳೆಯ ಯಂತ್ರದಲ್ಲಿ ಹಾಕಿದೆ. ಅದೂ ಅದನ್ನೇ ಹೇಳಿತು. ಅಲ್ಲಿಯವರೆಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಅವತ್ತು ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಎಂದಿನ ಹಾಗೆ ಪೂರಿ ತರಿಸಿಕೊಂಡು, ತಿನ್ನಲಾರದೆ, ಕೈ ತೊಳೆದು ಎದ್ದು ಬಂದೆ.

ನಾನು ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆಯೇನೂ ಇಲ್ಲ. ಬಂದವರು ನನಗೆ ಹಿಡಿಸಲಿಲ್ಲ, ನನಗೆ ಹಿಡಿಸಿದವರು ಬರಲಿಲ್ಲ, ಅಷ್ಟರಲ್ಲಿ ವಯಸ್ಸಾಯಿತು. ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬಳಿಗೆ ಅಂತ ಯಾರು ಒಲೆ ಹಚ್ಚುತ್ತಾರೆ ಎಂದು ಹೋಟೆಲಿನಲ್ಲೇ ದಿನ ಕಳೆದಿದ್ದೆ. ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟು, "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧ ನಿಮ್ಮ ಅಡುಗೆಮನೆಯದು" ಎಂದರು. ನನಗೆ ಹಟ ಬಂತು.

ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಅಮ್ಮ ಮಾಡುತ್ತಿದ್ದುದನ್ನು ನೆನಪು ಮಾಡಿಕೊಂಡರೆ ಸಾಕಿತ್ತು. ಪಾಲಿಶ್ ಮಾಡದ ಕೆಂಪಕ್ಕಿ, ಅದೂ ಹಿಡಿಯಷ್ಟು. ಒಂದೆಲಗವನ್ನು ತೆಂಗಿನತುರಿ, ತುಪ್ಪದಲ್ಲಿ ಹುರಿದ ಜೀರಿಗೆ, ಮೆಣಸಿನಕಾಳಿನ ಜೊತೆ ಅರೆದು ಮಜ್ಜಿಗೆಗೆ ಕಲಸಿದರೆ ತಂಬುಳಿ. ದೊಡ್ಡಪತ್ರೆಯದೊಂದು ದಿನ, ನೆಲ್ಲಿಕಾಯಿಯದೊಂದು ದಿನ. ಹಾಗಲಕಾಯಿ ಪಲ್ಯ, ಬೆಲ್ಲವಿಲ್ಲದೆ. ಕಾಫಿಯ ಬದಲು ಕೊತ್ತಂಬರಿ ಜೀರಿಗೆಯ ಕಷಾಯ, ಅದೂ ಬೆಲ್ಲವಿಲ್ಲದೆ. ಮೊದಲ ವಾರ ಕಷಾಯ ಕುಡಿಯುವಾಗ ನನ್ನ ಮುಖವನ್ನು ಯಾರಾದರೂ ನೋಡಿದ್ದರೆ ನಕ್ಕು ಸಾಯುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ.

ಒಬ್ಬಳ ಅಡುಗೆಗೆ ಅದರದೇ ಕಷ್ಟಗಳಿವೆ. ಒಬ್ಬಳಿಗಾಗುವಷ್ಟು ತಂಬುಳಿ ಮಿಕ್ಸಿಗೆ ಸಿಗುವುದಿಲ್ಲ. ಎಷ್ಟೇ ಚಿಕ್ಕ ಜಾರ್ ತಂದರೂ ಸೊಪ್ಪೂ ಕಾಯಿಯೂ ಹಾರಿ ಜಾರಿನ ಒಳಮೈಗೆ ಅಂಟಿಕೊಳ್ಳುತ್ತವೆ, ಬ್ಲೇಡು ಬರಿದೇ ತಿರುಗುತ್ತದೆ. ಚಮಚದಿಂದ ಕೆಳಗೆ ತಳ್ಳುವುದು, ಮತ್ತೆ ತಿರುಗಿಸುವುದು, ಮತ್ತೆ ತಳ್ಳುವುದು. ಮಿಕ್ಸಿ ಮಾಡಿದವರಿಗೆ ಲೋಕದಲ್ಲಿ ಒಂಟಿಯಾಗಿ ಉಣ್ಣುವವರು ಇದ್ದಾರೆ ಅನ್ನುವುದೇ ಗೊತ್ತಿಲ್ಲ ಎಂದು ಎಷ್ಟೋ ಸಲ ಗೊಣಗಿದ್ದೇನೆ. ಜಾಸ್ತಿ ಮಾಡಿಟ್ಟುಕೊಳ್ಳೋಣವೆಂದರೆ ತಂಬುಳಿ ಮರುದಿನಕ್ಕೆ ಉಳಿಯುವ ವಸ್ತುವಲ್ಲ, ಬಿಸಿ ಮಾಡುವಂತೆಯೂ ಇಲ್ಲ. ಕೊನೆಗೆ ಸಂತೆಯಿಂದ ಅಂಗೈ ಅಗಲದ ಕಲ್ಲೊಂದನ್ನು ತಂದು ಅದರಲ್ಲೇ ಅರೆಯತೊಡಗಿದೆ.

ಬೆಳಿಗ್ಗೆ ಕೆರೆ ದಂಡೆಯ ಮೇಲೆ ನಡಿಗೆ, ಸಂಜೆ ಹೊತ್ತು ಮುಳುಗುವ ಮೊದಲೇ ಊಟ. ಸಕ್ಕರೆ ಇಳಿಯಿತು. ಮಂಡಿನೋವು ಹೋಯಿತು, ನಿದ್ದೆ ಬಂತು. ಡಾಕ್ಟರು ಮಾತ್ರೆ ಬಿಡಿಸಲಿಲ್ಲ, ಆದರೆ ಹೆಚ್ಚಿಸಲೂ ಇಲ್ಲ. ನನಗೆ ಕೋಡು ಮೂಡಿತು. ಲ್ಯಾಬಿಗೆ ಬಂದವರಿಗೆಲ್ಲ ಸೊಪ್ಪಿನ ಪಾಠ ಹೇಳಿದೆ. ಕೆಲವರು ನನ್ನ ಬೆನ್ನ ಹಿಂದೆ ಕಷಾಯದ ಮೇಡಂ ಎನ್ನುವುದು ಗೊತ್ತಿತ್ತು. ಅಂದರೆ ಅನ್ನಲಿ ಎಂದು ಸುಮ್ಮನಿದ್ದೆ.

ಇದೆಲ್ಲದರಿಂದ ನಾನು ಕಳೆದುಕೊಂಡದ್ದು ಏನು ಅನ್ನುವುದು ಗೊತ್ತಾಗಲು ತಡವಾಯಿತು. ಅದು ಗೊತ್ತಾದದ್ದು ಅತ್ತಿಗೆಯ ಮನೆಯಲ್ಲಿ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮನೆ ಹೊಸನಗರದ ಹತ್ತಿರ. ಅವಳು ಮದುವೆಯಾಗಿ ಬಂದಾಗ ನಾನಿನ್ನೂ ಕಾಲೇಜಿಗೆ ಹೋಗುವ ಹುಡುಗಿ. ನನಗಿಂತ ಆರೇಳು ವರ್ಷ ದೊಡ್ಡವಳಷ್ಟೆ, ಆದರೆ ಬಂದ ದಿನದಿಂದ ನನ್ನನ್ನು 'ಕೂಸೇ' ಎಂದೇ ಕರೆದವಳು. ನನಗೀಗ ತಲೆ ಅರ್ಧ ಬೆಳ್ಳಗಾಗಿದೆ, ಅವಳಿಗೆ ನಾನಿನ್ನೂ ಕೂಸೇ. ಮಾತು ಕಡಿಮೆ. ಪ್ರೀತಿ ಏನಿದ್ದರೂ ಬಡಿಸುವುದರಲ್ಲಿ. ನಮ್ಮ ಕಡೆ ಪಂಕ್ತಿಯಲ್ಲಿ ಬಡಿಸುವವರ ಒತ್ತಾಯ ಇಲ್ಲದೆ ಊಟ ಊಟವೇ ಅಲ್ಲ. ಉಣ್ಣುವವರು ಎಲೆಗೆ ಎರಡು ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಬೇಕು. ಅತ್ತಿಗೆ ಇದರಲ್ಲಿ ಎತ್ತಿದ ಕೈ. ಬೇಡ ಅಂದಷ್ಟೂ ಅವಳಿಗೆ ಹುರುಪು. "ಒಂದೇ ಒಂದು ಹಾಕ್ಯಳೆ ಕೂಸೆ, ಸಣ್ಣದಿದ್ದು" ಎಂದು ಹಾಕುತ್ತಿದ್ದುದು ಎಲ್ಲಕ್ಕಿಂತ ದೊಡ್ಡದು. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು. ಆ ಮನೆಯಲ್ಲಿ ನನಗೊಂದು ಜಾಗ ಇದೆ ಅನ್ನುವುದಕ್ಕೆ ನನಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಕ್ಕರೆ ಕಾಯಿಲೆಯ ಸುದ್ದಿಯನ್ನು ಅತ್ತಿಗೆಗೂ ಹೇಳಿದೆ. ಮುಂದಿನ ಸಲ ಹೋದಾಗ ನನಗೆಂದೇ ಬೇರೆ ಪಾತ್ರೆಯಲ್ಲಿ ಕೆಂಪಕ್ಕಿ ಅನ್ನ ಮಾಡಿದ್ದಳು, ಬೆಲ್ಲ ಹಾಕದ ಗೊಜ್ಜು ಮಾಡಿದ್ದಳು. ಪಾಯಸದ ಪಾತ್ರೆ ಹಿಡಿದು ಬಂದವಳು ನನ್ನ ಎಲೆಯನ್ನು ದಾಟಿ ಪಕ್ಕದ ಎಲೆಗೆ ಹೋದಳು. ಎಷ್ಟು ತಿಳುವಳಿಕೆ ಎಂದು ನನಗೆ ಅವಳ ಮೇಲೆ ಅಭಿಮಾನವೇ ಉಕ್ಕಿತು. ಆಮೇಲೆ ಹಾಗೇ ಅಭ್ಯಾಸವಾಯಿತು. ಮನೆಗೆ ಯಾರು ಕಾಲಿಟ್ಟರೂ "ಆಸ್ರಿಗೆ ಎಂತ?" ಎಂದು ಕೇಳುವುದು, ಅಂದರೆ ಕುಡಿಯಲು ಏನು ಕೊಡಲಿ ಎಂದು ವಿಚಾರಿಸುವುದು, ಅಲ್ಲಿನ ಪದ್ಧತಿ. ನನ್ನ ಬಳಿ ಯಾರೂ ಕೇಳುವುದಿಲ್ಲ. ಕೇಳದೆಯೇ ಕಷಾಯ ಬರುತ್ತದೆ. ಎಲ್ಲರೂ ಜಗಲಿಯಲ್ಲಿ ಇನ್ನರ್ಧ ಲೋಟ ಕಾಫಿ, ಇನ್ನೊಂದು ಚಕ್ಕುಲಿ ಎಂದು ಜಗ್ಗಾಡುವಾಗ ನಾನು ಕಷಾಯದ ಲೋಟ ಹಿಡಿದು ಕ್ಯಾಲೆಂಡರ್ ನೋಡುತ್ತಾ ಕೂರುತ್ತೇನೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗನ ಮದುವೆಯಾಯಿತು. ರಿಪ್ಪನ್‌ಪೇಟೆಯಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಹುಡುಗಿ ತೀರ್ಥಹಳ್ಳಿ ಕಡೆಯವಳು. ಮದುವೆಯ ನಂತರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಹತ್ತಿರದವರಿಗೆ ಊಟ. ಸೊಸೆ ಮೊದಲ ಸಲ ಹೋಳಿಗೆ ಬಡಿಸಲು ಬಂದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಒಬ್ಬೊಬ್ಬರನ್ನೂ ಕೇಳಿ ಕೇಳಿ ಹಾಕುತ್ತಿದ್ದಳು. ನನ್ನ ಎದುರಿಗೆ ಬಂದು ನಿಂತು, "ಅತ್ತೆ, ನಿಮ್ಗೆ ಎರಡು ಹಾಕ್ಲೇಬೇಕು" ಎಂದಳು.

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಕೈ ಅಡ್ಡ ಹಿಡಿಯಲು ಎತ್ತಿದೆ. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಾಲ್ಕು ದಿಕ್ಕಿನಿಂದ ಕೂಗು ಬಂತು.

"ಏ, ಅವ್ಳಿಗೆ ಬ್ಯಾಡ!"

"ಸಕ್ರೆ ಕಾಯ್ಲೆ ಇದ್ದು ಅವ್ಳಿಗೆ!"

"ಮುಂದೆ ಹೋಗು, ಮುಂದೆ ಹೋಗು!"

ಪಾಪದ ಹುಡುಗಿ, ತಪ್ಪು ಮಾಡಿದವಳಂತೆ ಮುಖ ಕೆಂಪಾಗಿ, "ಗೊತ್ತಿರ್ಲಿಲ್ಲ ಅತ್ತೆ, ಬೇಜಾರ್ ಮಾಡ್ಕಳ್ಬೇಡಿ" ಎಂದು ಮುಂದಿನ ಎಲೆಗೆ ಹೋದಳು. ನನ್ನ ಕೈ ಎಲೆಯ ಮೇಲೆ ಹಾಗೇ ಇತ್ತು. ಅಡ್ಡ ಹಿಡಿಯಲು ಎದುರಿಗೆ ಯಾರೂ ಇರಲಿಲ್ಲ. ಅನ್ನ ಕಲಸುವವಳಂತೆ ಮೆಲ್ಲಗೆ ಇಳಿಸಿಕೊಂಡೆ.

ನನಗೆ ಹೋಳಿಗೆ ಬೇಕಿರಲಿಲ್ಲ. ಸತ್ಯವಾಗಿಯೂ ಬೇಕಿರಲಿಲ್ಲ. ಹಾಕಿದ್ದರೂ ತಿನ್ನುತ್ತಿರಲಿಲ್ಲ. ಬೇಡ ಅನ್ನುವುದಕ್ಕಾದರೂ ಎದುರಿಗೆ ಒಬ್ಬರು ಬೇಕಲ್ಲ! ಸಾಗರದ ಎರಡು ಕೋಣೆಯಲ್ಲಿ ನನಗೆ ಬೇಕು ಎಂದರೂ ಬೇಡ ಎಂದರೂ ಕೇಳುವವರಿಲ್ಲ. ಇಲ್ಲಿಯೂ ಹಾಗೇ ಆಗಿಹೋಗಿತ್ತು. ಅವರೆಲ್ಲ ನನ್ನ ಒಳ್ಳೆಯದಕ್ಕೇ ಕೂಗಿದ್ದರು, ಅದೇ ಸಂಕಟ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಮಜ್ಜಿಗೆ ಬರುವಷ್ಟರಲ್ಲಿ ಕಣ್ಣು ತುಂಬಿ, ಮಾವಿನಮಿಡಿ ಖಾರ ಎಂದು ಪಕ್ಕದವರಿಗೆ ಸುಳ್ಳು ಹೇಳಿದೆ.

ಸಂಜೆ ನೆಂಟರೆಲ್ಲ ಹೊರಟ ಮೇಲೆ ಅತ್ತಿಗೆ ಒಬ್ಬಳೇ ಹಿತ್ತಲಲ್ಲಿ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನಾನು ನೀರು ಹಾಕಿಕೊಡಲು ಕೂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಹೇಳಿಯೇಬಿಟ್ಟೆ.

"ಅತ್ಗೆ, ನೀ ಎಂಗೊಬ್ಳಿಗೆ ಒತ್ತಾಯ ಮಾಡದನ್ನೇ ಬಿಟ್ಟೆ."

ಅವಳಿಗೆ ಅರ್ಥವಾಗಲಿಲ್ಲ. "ಎಂತ ಒತ್ತಾಯನೆ?"

"ಊಟಕ್ಕೆ. ಎಲ್ಲರಿಗೂ ಮಾಡ್ತೆ. ಎಂಗೆ ಇಲ್ಲೆ."

"ನಿಂಗೆ ಸಿಹಿ ಆಗ್ತಿಲ್ಲೆ ಅಲ್ದಾ?"

"ಆಗ್ತಿಲ್ಲೆ. ಎಂಗೆ ಬ್ಯಾಡ. ಆದ್ರೂ ಕೇಳು."

ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ತಿಂತಿಲ್ಲೆ ಅಂದ್ಮೇಲೆ ಕೇಳದು ಎಂತಕ್ಕೆ ಕೂಸೆ?" ಎಂದಳು. ನಿಜವಾಗಿಯೂ ತಿಳಿಯದೇ ಕೇಳಿದಳು. ನನ್ನ ಹತ್ತಿರ ಉತ್ತರವಿತ್ತು, ಆದರೆ ಅದನ್ನು ಹೇಳಿದರೆ ಅತ್ತುಬಿಡುತ್ತೇನೆ ಎಂದು ಹೆದರಿ, "ಹೋಗಲಿ ಬಿಡು" ಎಂದು ಇನ್ನೊಂದು ಕೊಡ ನೀರಿಗೆ ಎದ್ದೆ.

ರಾತ್ರಿ ಊಟಕ್ಕೆ ಮನೆಯವರಷ್ಟೇ. ಮಧ್ಯಾಹ್ನದ ಹೋಳಿಗೆ ಉಳಿದಿತ್ತು. ಅತ್ತಿಗೆ ಎಲ್ಲರಿಗೂ ಹಾಕಿ, ನನ್ನ ಎದುರಿಗೆ ಬಂದು ಒಂದು ಕ್ಷಣ ನಿಂತು, "ಹಾಕ್ಲಾ?" ಎಂದಳು.

"ಬ್ಯಾಡ" ಎಂದೆ.

"ಸರಿ" ಎಂದು ಒಳಗೆ ಹೋದಳು.

ಅಷ್ಟೇ. ಹೇಳಿ ಕೇಳಿಸಿಕೊಂಡ ಒತ್ತಾಯ ಒತ್ತಾಯವಲ್ಲ ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು. ಲ್ಯಾಬಿನಲ್ಲಿ ನಾನು "ಏನೂ ತಿಂದಿಲ್ಲ ತಾನೆ" ಎಂದು ಕೇಳುವುದೂ ಹೀಗೇ ಇರಬೇಕು, ಕೇಳಬೇಕಲ್ಲ ಎಂದು ಕೇಳುವುದು. ಕೇಳದೇ ಹೋದಾಗಿನ ಬೇಸರಕ್ಕಿಂತ ಇದು ಹೆಚ್ಚಾಯಿತು. ಬಾಯಿಬಿಟ್ಟು ಬೇಡಿದ್ದಕ್ಕೆ ನಾಚಿಕೆಯೂ ಸೇರಿತು. ಇನ್ನು ಈ ಮನೆಗೆ ವರ್ಷಕ್ಕೊಂದು ಸಲ ಬಂದರೆ ಸಾಕು ಎಂದು ಹಾಸಿಗೆಯಲ್ಲಿ ತೀರ್ಮಾನ ಮಾಡಿಯೂ ಆಯಿತು. ನನ್ನ ಕಲ್ಲು, ನನ್ನ ಒಂದು ಹಿಡಿ ಅಕ್ಕಿ, ನನ್ನ ಕೆರೆ ದಂಡೆ. ಯಾರೂ ನನ್ನನ್ನು ದಾಟಿ ಹೋಗದ ಜಾಗವೆಂದರೆ ಯಾರೂ ಇಲ್ಲದ ಜಾಗವೇ.

ಬೆಳಿಗ್ಗೆ ಎದ್ದಾಗ ಅತ್ತಿಗೆ ಮನೆಯಲ್ಲಿರಲಿಲ್ಲ. ತೋಟದ ಕೆಳಗಿನ ಹಳ್ಳದ ಕಡೆ ಹೋದಳು ಎಂದು ಸೊಸೆ ಹೇಳಿದಳು. ನನಗೆ ಬಸ್ಸಿನ ಹೊತ್ತಾಯಿತು. ಅಣ್ಣನಿಗಷ್ಟೇ ಹೇಳಿ, ತನಗೆ ಹೇಳದೇ ಹೋದದ್ದು ಅತ್ತಿಗೆಗೂ ತಟ್ಟಲಿ ಎಂದು ಒಳಗೊಳಗೇ ಉರಿಯುತ್ತಾ ರಸ್ತೆಗೆ ಬಂದು ನಿಂತೆ. ಬಸ್ಸೂ ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಯಾರದೋ ಅಕ್ಕಿ ಮೂಟೆ ಮೇಲೆ ಹಾಕಿಸುತ್ತಿದ್ದ.

ಆಗ ಅತ್ತಿಗೆ ಓಡಿಬಂದಳು. ಸೀರೆ ಮೊಣಕಾಲವರೆಗೆ ಒದ್ದೆ, ಪಾದಕ್ಕೆಲ್ಲ ಕೆಸರು. ಒಂದು ಕೈಯಲ್ಲಿ ನನ್ನ ತೋಳಿನಷ್ಟು ಉದ್ದದ ಬಾಳೆದಿಂಡು, ಇನ್ನೊಂದರಲ್ಲಿ ಒಂದೆಲಗ ತುಂಬಿದ ಚೀಲ. ಕಿಟಕಿಯ ಕೆಳಗೆ ನಿಂತು ದಿಂಡನ್ನು ಮೇಲೆತ್ತಿ ಹಿಡಿದಳು.

"ತಗ."

"ಇಷ್ಟು ದೊಡ್ಡದಾ? ಬ್ಯಾಡ ಅತ್ಗೆ. ಎಂಗೆ ಒಬ್ಳಿಗೆ ಎಂತಕ್ಕೆ?"

"ಪಲ್ಯ ಮಾಡು, ಮೊಸರು ಹಾಕಿ ಸಾಸ್ಮೆ ಮಾಡು. ಹೆಚ್ಚಿ ಮಜ್ಜಿಗೆ ನೀರಲ್ಲಿ ಹಾಕು, ಕಪ್ಪಾಗ್ತಿಲ್ಲೆ. ತಗಳೆ."

"ಬ್ಯಾಡ ಅಂದ್ನಲೆ. ಭಾರ ಆಗ್ತು."

"ಭಾರ ಬಸ್ಸು ಹೊರ್ತು, ನೀ ಎಂತ ಹೊರ್ತಿಲ್ಲೆ. ತಗ ಸುಮ್ನೆ!" ಅವಳ ದನಿ ಏರಿತು. ಬಸ್ಸಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ದಿಂಡಿನ ತುದಿ ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಬಂದು ನನ್ನ ಎದೆಗೆ ತಾಗಿತು. ನಾನು ಎರಡು ಕೈಯಿಂದ ಅದನ್ನು ಹೊರಗೆ ದೂಡಿದೆ. ಅವಳು ಇನ್ನೂ ಜೋರಾಗಿ ಒಳಗೆ ತೂರಿಸಿದಳು. ಅವಳ ಮುಖದಲ್ಲಿ ಆ ಹಳೆಯ ಹುರುಪು ಬಂದಿತ್ತು.

"ಅರ್ಧ ಸಾಕು ಅತ್ಗೆ."

"ಅರ್ಧ ಇಲ್ಲೆ, ಗಿರ್ಧ ಇಲ್ಲೆ. ಪೂರಾ ತಗ."

ಕಂಡಕ್ಟರ್ ಸೀಟಿ ಊದಿದ. ದಿಂಡು ಆಗಲೇ ಮುಕ್ಕಾಲು ಪಾಲು ನನ್ನ ಮಡಿಲಲ್ಲಿತ್ತು. ಆದರೂ ಬಸ್ಸು ಹೊರಡುವವರೆಗೆ ನಾನು ಬೇಡ, ಬೇಡ ಎನ್ನುತ್ತಲೇ ಇದ್ದೆ.