ಶಿರಾ ದಾರಿ ಹಿಡಿದ ಪಾವಗಡದ ರಿಪೋರ್ಟುಗಳು

ಕೊರಟಗೆರೆಯ ರಕ್ತಪರೀಕ್ಷೆ ಲ್ಯಾಬಿಗೆ ರಿಪೋರ್ಟ್ ಟೈಪ್ ಮಾಡಲು ಸೇರಿದ ಯಶಸ್ವಿನಿ, ಹನ್ನೆರಡು ವರ್ಷದಲ್ಲಿ ಅದರ ನಾಲ್ಕೂ ಶಾಖೆಗಳ ಕಂಪ್ಯೂಟರುಗಳಿಗೆ ಯಜಮಾನಿಯಾಗಿಬಿಟ್ಟಿದ್ದಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲ ಕಡೆಯ ರಿಪೋರ್ಟುಗಳೂ ಮುಂಬೈಯಲ್ಲೆಲ್ಲೋ ಬಾಡಿಗೆಗೆ ಹಿಡಿದ ಒಂದು ಕ್ಲೌಡ್ ಮಷೀನಿನಲ್ಲಿದ್ದವು. ಅವಳಿಗೆ ಕಲಿಸಿದವರು ಯಾರೂ ಇಲ್ಲ. ಕೆಟ್ಟಾಗ ಬೈಸಿಕೊಂಡು, ತಾನೇ ಸರಿಮಾಡಿ ಕಲಿತದ್ದು. ತನ್ನ ಕೈಯಲ್ಲಿ ತಪ್ಪಾಗದು ಎಂಬ ಜಂಬವೂ ಜೊತೆಗೇ ಬೆಳೆದಿತ್ತು, ಸುಳ್ಳೇಕೆ ಹೇಳಬೇಕು.

ಮಂಗಳವಾರದಿಂದ ಪಾವಗಡದಲ್ಲಿ ಮಾತ್ರ ರಿಪೋರ್ಟು ತೆರೆಯುತ್ತಿರಲಿಲ್ಲ. ಅಲ್ಲಿನ ಟೆಕ್ನಿಷಿಯನ್ ಕದರಪ್ಪನಿಗೆ ಫೋನ್ ಮಾಡಿ, “ಏನು ಮುಟ್ಟಿದ್ರಿ ಕದರಪ್ಪಣ್ಣ?” ಎಂದಳು. ಆ ಪುಣ್ಯಾತ್ಮ, “ಸುಣ್ಣ ಹೊಡೀತಿದ್ರು ಕಣಮ್ಮ, ಮೋಡೆಮ್ ಮೇಜು ಸ್ವಲ್ಪ ಜರುಗಿಸ್ದೆ,” ಎಂದು ಇದ್ದದ್ದು ಇದ್ದಂತೆ ಹೇಳಿಬಿಟ್ಟ. ಅಲ್ಲಿಗೆ ತನಿಖೆ ಮುಗಿಯಿತು. ಮೂರು ದಿನ ಎಲ್ಲರೂ ಅವನನ್ನೇ ಉಗಿದರು. ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ನಂದೀಶ್ವರಯ್ಯ ಅವನನ್ನು ಕೆಲಸದಿಂದ ತೆಗೆಯುವ ಪತ್ರ ಜೇಬಿಗಿಟ್ಟುಕೊಂಡು ಮಧುಗಿರಿಯಿಂದ ಪಾವಗಡಕ್ಕೆ ಕಾರು ಹತ್ತಿದರು.

ಆ ಸುದ್ದಿ ಕಿವಿಗೆ ಬಿದ್ದ ಮೇಲೇ ಯಶಸ್ವಿನಿ ಕ್ಲೌಡ್ ಮಷೀನಿನ ಒಳಗೆ ಸರಿಯಾಗಿ ನೋಡಿದ್ದು. ಪಾವಗಡದ ಕೋರಿಕೆಗಳು ನೆಟ್ಟಗೆ ಬಂದು ಮುಟ್ಟುತ್ತಿದ್ದವು. ಉತ್ತರ ಮಾತ್ರ ಶಿರಾ ಶಾಖೆಯ ದಾರಿ ಹಿಡಿಯುತ್ತಿತ್ತು. ಯಾವ ಶಾಖೆಯ ಉತ್ತರ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವ ರೂಟ್‌ಗಳ ಪಟ್ಟಿಯಲ್ಲಿ ಬೇಡದ ಒಂದು ಸಾಲು ಸೇರಿಕೊಂಡಿತ್ತು. ಕದರಪ್ಪನ ಮೇಜಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅವನಿಗೆ ಫೋನ್ ಹಚ್ಚಿ ಆ ಸಾಲನ್ನು ಅಳಿಸಿದಳು.

“ಬಂತು ಕಣಮ್ಮ,” ಎಂದವನು ನಿಮಿಷದೊಳಗೆ, “ಮಳ್ಳೀ ನಿಂತೋಯ್ತು, ತಿರ್ಗಾ ಬರ್ತಿಲ್ಲ,” ಎಂದ.

ಅಳಿಸಿದ ಸಾಲು ತಾನಾಗಿಯೇ ಬಂದು ಕೂತಿತ್ತು. ಎರಡನೇ ಸಲವೂ ಅದೇ ಕಥೆ. ಹಾಗಾದರೆ ನಿಮಿಷಕ್ಕೊಮ್ಮೆ ಅದನ್ನು ಹಾಕುವ ಫೈಲು ಒಳಗೆಲ್ಲೋ ಇದೆ. ಅಷ್ಟರಲ್ಲಿ ಮ್ಯಾನೇಜರ್ ಪಾವಗಡದ ದಾರಿಯ ಮಿಡಿಗೇಶಿ ದಾಟಿದರೆಂದು ಮಧುಗಿರಿ ಶಾಖೆಯವರು ತಿಳಿಸಿದರು. ಕೊನೆಗೆ ಫೈಲು ಸಿಕ್ಕಿತು. ಮಂಗಳವಾರ ಶಿರಾದಲ್ಲಿ ಎರಡನೇ ಕೌಂಟರ್ ತೆರೆದಾಗ ಬರೆದದ್ದು. ಶಿರಾದ ಕಂಪ್ಯೂಟರುಗಳ ವಿಳಾಸಗಳನ್ನಷ್ಟೇ ಕೊಡಬೇಕಾದಲ್ಲಿ ಪಾವಗಡದವೂ ಸೇರುವಷ್ಟು ಅಗಲವಾಗಿ ಕೊಟ್ಟಿತ್ತು. ಬರೆದವರ ಹೆಸರು, ಯಶಸ್ವಿನಿ.

ಫೈಲು ತಿದ್ದಿ ಸಾಲನ್ನು ಮತ್ತೆ ಅಳಿಸಿದಳು. ಪಾವಗಡ ತೆರೆದುಕೊಂಡಿತು, ಹಾಗೇ ಉಳಿಯಿತು. ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಫೈಲು ಓದಬಲ್ಲವರು ಕಂಪನಿಯಲ್ಲಿ ಇನ್ನೊಬ್ಬರಿಲ್ಲ. ಮೋಡೆಮ್ ಸರಿಹೋಯಿತು ಎಂದರೆ ಸಾಕು, ನಂಬುತ್ತಾರೆ. ಹಾಗೆ ಹೇಳುವ ಆಸೆ ಅವಳಿಗೆ ಬಂತು, ನಾಚಿಕೆಯಾಗುವಷ್ಟು ಬಂತು.

ನಂದೀಶ್ವರಯ್ಯನವರ ಫೋನು ಎರಡು ಸಲ ಸಿಗಲಿಲ್ಲ. ಮೂರನೇ ಸಲ ಎತ್ತಿದರು.

“ಸಾರ್, ಆ ಪತ್ರ ಕೊಡಬೇಡಿ. ತಪ್ಪು ನಂದು. ಮಂಗಳವಾರ ನಾನೇ ಹಾಕಿದ ರೂಟ್.”

“ಮತ್ತೆ ಮೂರು ದಿನ ಏನಮ್ಮ ಮಾಡ್ತಿದ್ದೆ?”

“ಕದರಪ್ಪಣ್ಣನ್ನ ಬೈತಿದ್ದೆ ಸಾರ್.”

ಅವರು ಕಾರು ನಿಲ್ಲಿಸಿ ಹತ್ತು ನಿಮಿಷ ಬೈದರು. ಆಮೇಲೆ ಅವಳು ಪಾವಗಡಕ್ಕೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ಕ್ಷಮಿಸಿ ಎಂದಳು.

“ಇರ್ಲಿ ಬುಡಮ್ಮ,” ಎಂದ ಕದರಪ್ಪ. “ಎಲ್ರೂ ಅಂಗೇ ಅಂದ್ರಲ್ಲ, ನಾನೇ ಕೆಡಿಸಿದೀನಿ ಅಂತ ನಂಗೇ ನಂಬ್ಕೆ ಆಗ್ಬುಟ್ಟಿತ್ತು. ನಿನ್ನೆ ಮನೇಲೂ ಅದೇ ಹೇಳ್ಬುಟ್ಟೆ.”