ಬಂಗುಡೆಯ ರಕ್ತ

ಎರ್ಮಾಳಿನ ಮೀನುಗಾರರ ಮನೆಯ ಕುಶಲಾ ಹತ್ತೊಂಬತ್ತು ವರ್ಷಗಳಿಂದ ಕಾರ್ಕಳದ ಒಂದು ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಸೇರಿದ ಮೊದಲ ದಿನವೇ ಉಪನ್ಯಾಸಕ ತಾರಾನಾಥರು ಮಕ್ಕಳೆಲ್ಲರ ಎದುರು ಮೂಗಿಗೆ ಕರ್ಚೀಫು ಹಿಡಿದು, "ಮೀನಿನ ವಾಸನೆ ಬರ್ತದೆ. ಕೈ ತೊಳೆದು ಬಂದು ಸ್ಲೈಡ್ ಮುಟ್ಟಿ" ಎಂದಿದ್ದರು. ಮಕ್ಕಳು ನಕ್ಕಿದ್ದರು. ಅಂದಿನಿಂದ ಅವಳು ಬುತ್ತಿಗೆ ಮೀನು ತಂದವಳಲ್ಲ, ಆ ಮಾತನ್ನು ಮರೆತವಳೂ ಅಲ್ಲ. ಹೋಗಲಿ ಬಿಡು ಎನ್ನುವವರು ಒಮ್ಮೆ ಆ ನಗುವಿನ ನಡುವೆ ನಿಂತು ನೋಡಲಿ.

ತೊಳೆದ ಆ ಕೈಗಳೇ ಇನ್ನೂರ ಹನ್ನೆರಡು ಸ್ಲೈಡು ಮಾಡಿದವು. ಈರುಳ್ಳಿ ಸಿಪ್ಪೆಯ ಜೀವಕೋಶಕ್ಕೆ ಗೋಡೆಯುಂಟು, ಕೆನ್ನೆಯ ಒಳಗಿನದಕ್ಕೆ ಬರೀ ತೆಳು ಪೊರೆ. ಸ್ನಾಯುವಿನದಕ್ಕೆ ಪಟ್ಟೆ, ನರದ್ದಕ್ಕೆ ಉದ್ದನೆಯ ಬಾಲ. ಎಲ್ಲವನ್ನೂ ಅವಳು ನೋಡಿ ನೋಡಿಯೇ ಕಲಿತಳು. ಒಂದು ದೇಹದ ಕೋಶಗಳೆಲ್ಲ ಒಂದೇ ಮೊದಲ ಕೋಶದಿಂದ ಹುಟ್ಟಿದವು. ಒಂದೇ ತಾಯಿಯ ಮಕ್ಕಳು ಒಬ್ಬ ಬೋಟಿಗೆ, ಒಬ್ಬ ಬ್ಯಾಂಕಿಗೆ ಹೋದ ಹಾಗೆ ಕೆಲಸ ನೋಡಿ ರೂಪ ಬದಲಿಸಿದವು. ತಾರಾನಾಥರು ಮಾತ್ರ ಮೈಕ್ರೋಸ್ಕೋಪಿಗೆ ಕಣ್ಣಿಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಅವರದ್ದು ಬಾಯಿಪಾಠ.

ಈ ವರ್ಷ ಆ ಸ್ಲೈಡುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಉದ್ಘಾಟಿಸುವುದೆಂದಾಯಿತು. ಕಪಾಟಿನ ಮೇಲೆ ಹಿತ್ತಾಳೆ ಫಲಕ, ಫಲಕದ ಮೇಲೆ ತಾರಾನಾಥರ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಾದರೂ ತನ್ನ ಹೆಸರಿರಲಿ ಎಂದು ಕುಶಲಾ ಕೇಳಿಕೊಂಡಳು.

"ಗಾಜು ತೊಳೆದವರ ಹೆಸರು ಎಂತಕ್ಕೆ ಮಾರಾಯ್ತಿ?" ಎಂದರು ಅವರು.

ಕಪಾಟಿಗೆ ಒಮ್ಮೆ ಬೀಗ ಬಿದ್ದರೆ ಹತ್ತೊಂಬತ್ತು ವರ್ಷವೂ ಅವರದ್ದೇ. ಉದ್ಘಾಟನೆ ಸೋಮವಾರ. ಸೇಡು ತೀರಿಸಲು ಉಳಿದದ್ದು ನಡುವಿನ ಒಂದು ಭಾನುವಾರ.

ಆ ಬೆಳಿಗ್ಗೆ ಕಡಲ ದಡದಲ್ಲಿ ಅಣ್ಣ ಶೇಖರನ ತಂಡ ಕೈರಂಪಣಿ ಬಲೆ ಎಳೆಯುತ್ತಿತ್ತು. ಇನ್ನೂ ಮಿಡುಕುತ್ತಿದ್ದ ಬಂಗುಡೆಯೊಂದನ್ನು ಹಿಡಿದು, ರಕ್ತ ಹೆಪ್ಪುಗಟ್ಟುವ ಮೊದಲೇ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿದಳು. ಸೋಮವಾರ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಬಂದು ಅದಕ್ಕೆ ಬಣ್ಣ ಹಾಕಿ, "ಮಾನವ ರಕ್ತ" ಎಂಬ ಚೀಟಿ ಅಂಟಿಸಿ, ಅತಿಥಿಗೆ ತೋರಿಸಲಿದ್ದ ಮೈಕ್ರೋಸ್ಕೋಪಿನಡಿ ಇಟ್ಟಳು.

ಉದ್ಘಾಟನೆಗೆ ಮಣಿಪಾಲದಿಂದ ಬಂದವರು ರಕ್ತಪರೀಕ್ಷೆಯ ತಜ್ಞೆ ಡಾಕ್ಟರ್ ರೇಚಲ್. ತಾರಾನಾಥರು ಎದೆಯುಬ್ಬಿಸಿ ಶುರುಮಾಡಿದರು: ಒಂದೊಂದು ಸ್ಲೈಡೂ ತನ್ನ ಕೈಯಿಂದಲೇ ಆದದ್ದು, ಇದಂತೂ ತನ್ನದೇ ರಕ್ತ. ಮನುಷ್ಯನ ಕೆಂಪು ಕಣ ಬೆಳೆಯುವಾಗ ನ್ಯೂಕ್ಲಿಯಸ್ಸನ್ನು ಹೊರಗೆ ಹಾಕಿ, ಆಮ್ಲಜನಕ ಹೊರುವುದಕ್ಕೆ ಜಾಗ ಮಾಡಿಕೊಳ್ಳುತ್ತದೆ. ಅದಕ್ಕೇ ಕಣ ದುಂಡಗೆ, ನಡುವೆ ಮಸುಕು. ಕಣದ ಬಗ್ಗೆ ಹೇಳಿದ್ದು ಅಷ್ಟೂ ಸರಿ.

ರೇಚಲ್ ಬಗ್ಗಿ ನೋಡಿದರು. ಇನ್ನೊಮ್ಮೆ ನೋಡಿದರು. ಕಣಗಳೆಲ್ಲ ಮೊಟ್ಟೆಯಾಕಾರ, ಒಂದೊಂದರ ನಡುವೆಯೂ ನೇರಳೆ ಬೊಟ್ಟಿನಂಥ ನ್ಯೂಕ್ಲಿಯಸ್. ಇದು ಮೀನಿನದ್ದಲ್ವಾ ಎಂದು ಮೆಲ್ಲಗೆ ಕೇಳಿದರು. ಹಿಂದೆ ನಿಂತ ಮಕ್ಕಳು ನಕ್ಕರು. ಆ ನಗು ಕುಶಲಾಳ ಕಿವಿಗೆ ಜೇನಿನಂತಿತ್ತು.

ತಾರಾನಾಥರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬೆವರಿದರು. "ಇದು ನಾನು ಮಾಡಿದ್ದಲ್ಲ ಮೇಡಂ. ಅಟೆಂಡರ್ ಕುಶಲಾ ಮಾಡಿದ್ದು."

"ಹಾಗಾದ್ರೆ ಉಳಿದವು ಯಾರು ಮಾಡಿದ್ದು?"

ಕುಶಲಾ ಮುಂದೆ ಬಂದಳು. "ಎಲ್ಲವೂ ನಾನೇ ಮೇಡಂ. ಮಾನವ ರಕ್ತದ್ದು ನನ್ನ ಡ್ರಾಯರಿನಲ್ಲಿ ಉಂಟು. ಅದೂ ನನ್ನದೇ ರಕ್ತ." ಆಮೇಲೆ ತಾರಾನಾಥರ ಕಡೆ ತಿರುಗಿದಳು. "ವಾಸನೆ ಬರ್ಲಿಲ್ವಾ ಸರ್?"

ಕಪಾಟಿಗೆ ಬೀಗ ಬೀಳಲಿಲ್ಲ. ಫಲಕವನ್ನು ಬಿಚ್ಚಿ ತೆಗೆಯಲು ರೇಚಲ್ ಅಲ್ಲೇ ಹೇಳಿದರು. ಮಧ್ಯಾಹ್ನ ಕುಶಲಾ ಸ್ಟಾಫ್ ರೂಮಿನಲ್ಲಿ ತಾರಾನಾಥರ ಎದುರಿನ ಕುರ್ಚಿಗೇ ಕೂತು ಬುತ್ತಿ ಬಿಚ್ಚಿದಳು. ಒಳಗಿದ್ದದ್ದು ಆ ಬಂಗುಡೆಯದ್ದೇ ಹುಳಿ-ಖಾರದ ಪುಳಿಮುಂಚಿ.